ಫಾಲಾನಿಕೋ ಎಳೆದ ಜಿಪ್ಪು

ನಮ್ಮ ಮಾತಾಫುಲು ಊರಿನಲ್ಲಿ ಮನೆಗಳಿಗೆ ಕಂಬಗಳಿವೆ, ಮಾಡು ಇದೆ, ಗೋಡೆಗಳಿಲ್ಲ. ಆದ್ದರಿಂದ ಲೆಪೇಕಾಳ ಮನೆಯ ಸಂಗತಿಗಳೆಲ್ಲ ನನಗೆ ಹೇಗೆ ಗೊತ್ತಾದವೆಂದು ಯಾರೂ ಕೇಳಕೂಡದು. ನಾನು ಅವಳ ಎದುರು ಮನೆಯವನು. ಬಂದರಿಗೆ ಬಸ್ಸು ಓಡಿಸುವುದು ನನ್ನ ಉದ್ಯೋಗ, ಉಳಿದ ಹೊತ್ತು ಚಾಪೆಯ ಮೇಲೆ ಕೂತು ಎದುರಿಗೆ ನೋಡುವುದು ನನ್ನ ಹಣೆಬರಹ. ಕಣ್ಣು ಮುಚ್ಚಿಕೊಂಡರೂ ಪ್ರಯೋಜನವಿಲ್ಲ, ಲೆಪೇಕಾಳ ಗಂಟಲು ಅಂಥದು.

ಆ ಮನೆಯ ಯಜಮಾನಿಕೆ ಅವಳದೇ. ಊರ ಪಂಚಾಯಿತಿಯಲ್ಲಿ ಗಂಡಸರ ಸಮಕ್ಕೆ ಕಂಬಕ್ಕೊರಗಿ ಕೂರುವ ಹೆಂಗಸು. ಅವಳ ಮಗಳು ಫಿಲೋಮೆನಾಳನ್ನು ಮದುವೆಯಾಗಿ, ಪಟ್ಟಣ ಬಿಟ್ಟು, ಈ ಮನೆಗೆ ಬಂದು ಸೇರಿದವನೇ ನಮ್ಮ ಫಾಲಾನಿಕೋ. ಮನೆ ಅಳಿಯ. ಸಮೋವಾದಲ್ಲಿ ಮನೆ ಅಳಿಯನ ವೈಭವವನ್ನು ವರ್ಣಿಸುವುದು ಕಷ್ಟವೇನಲ್ಲ. ಬೆಳಗಾದರೆ ಕಲ್ಲಿನ ಒಲೆ ಹೊತ್ತಿಸುವವನು ಅವನು, ಕಾಯಿ ತುರಿಯುವವನು ಅವನು, ಎಲ್ಲರಿಗೂ ಬಡಿಸಿ, ಬೀಸಣಿಗೆ ಹಿಡಿದು ನೊಣ ಓಡಿಸಿ, ಅವರೆಲ್ಲ ಉಂಡು ಕೈ ತೊಳೆದ ಮೇಲೆ ಒಲೆಯ ಪಕ್ಕದಲ್ಲಿ ಕೂತು ಉಣ್ಣುವವನೂ ಅವನೇ. ಮದುವೆಯಾಗಿ ವರ್ಷಗಳಾದರೂ ಲೆಪೇಕಾ ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ಏ ಅಳಿಯಾ!" ಎಂದರೆ ಅವನು ಬರುತ್ತಿದ್ದ. "ಏ!" ಎಂದರೂ ಬರುತ್ತಿದ್ದ. ಹಂದಿಯನ್ನು ಕರೆದರೂ ಕೆಲವು ಸಲ ಬಂದದ್ದುಂಟು.

ಇಂಥವನಿಗೆ ಒಂದೇ ಒಂದು ಹೆಮ್ಮೆಯ ವಸ್ತುವಿತ್ತು: ಒಂದು ಲ್ಯಾಪ್‌ಟಾಪು. ಪಟ್ಟಣದಲ್ಲಿದ್ದಾಗ ಪ್ರೋಗ್ರಾಂ ಬರೆಯುವ ತರಗತಿಗೆ ಅರ್ಧ ಹೋಗಿದ್ದ. ಉಳಿದರ್ಧಕ್ಕೆ ಹೋಗುವಷ್ಟರಲ್ಲಿ ಪ್ರೀತಿ ಹುಟ್ಟಿತ್ತು. ಆ ಅರ್ಧ ವಿದ್ಯೆಯನ್ನು ಅವನು ಹೂವಿನ ಬಟ್ಟೆಯಲ್ಲಿ ಸುತ್ತಿ, ಮಾಡಿನ ಅಡ್ಡಪಟ್ಟಿಯ ಮೇಲೆ, ಕೋಳಿಗಳಿಗೆ ಎಟುಕದಂತೆ ಇಟ್ಟಿದ್ದ.

ಹೀಗಿರುವಾಗ ನಮ್ಮ ಊರಿಗೆ ಹೊಸ ಶಾಲೆಯ ಕಟ್ಟಡ ಮುಗಿಯಿತು. ಪ್ರಾರಂಭೋತ್ಸವಕ್ಕೆ ರಾಜಧಾನಿಯಿಂದ ವಿದ್ಯಾ ಇಲಾಖೆಯ ಅಧಿಕಾರಿ ಬರುವುದೆಂದಾಯಿತು. ಪಕ್ಕದ ಸಾಲೇಮಾ ಊರಿನವರು ಹೋದ ವರ್ಷ ಅವರ ಶಾಲೆ ತೆರೆದಾಗ ಕೊಟ್ಟ ಔತಣವನ್ನು ಇನ್ನೂ ಎಲೆ ಅಡಿಕೆಯ ಹಾಗೆ ಜಗಿಯುತ್ತಿದ್ದರು. ಅವರ ಬಾಯಿ ಮುಚ್ಚಿಸುವುದು ನಮ್ಮ ಊರಿನ ಮಾನದ ಪ್ರಶ್ನೆಯಾಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕಾಣಿಕೆ ಕೊಡುವುದು ಅರ್ಧ ಕೆಲಸ. ಅದನ್ನು ನೆರೆದ ಜನರ ಮುಂದೆ, ಇಂಥ ಮನೆತನದಿಂದ ಇಂಥ ವಸ್ತು ಎಂದು, ಗಟ್ಟಿ ಗಂಟಲಿನಲ್ಲಿ ಕೂಗಿದಾಗಲೇ ಪೂರ್ತಿ. ಕೂಗದೆ ಕೊಟ್ಟ ಹಂದಿ ಹಂದಿಯೇ ಅಲ್ಲ. ಕೂಗಿದ್ದು ಮಾತ್ರ ಕೂಗಿದ್ದೇ. ಅದನ್ನು ತಿದ್ದುವ ಹಾಗಿಲ್ಲ. "ನಾನು ಕೊಟ್ಟದ್ದು ಇದಕ್ಕಿಂತ ಹೆಚ್ಚು" ಎಂದು ಬಾಯಿಬಿಟ್ಟರೆ ಜಂಬಗಾರ, "ಅಷ್ಟು ಕೊಟ್ಟಿಲ್ಲ" ಎಂದರೆ ದರಿದ್ರ. ಎರಡಕ್ಕಿಂತ ನಮ್ಮವರಿಗೆ ಸಮುದ್ರ ಹಾರುವುದು ಸುಲಭ.

ಊರಿನ ಕೂಗುಗಾರ ಲೌಫಿಸೋ. ಅವನು ಕಡಲ ದಂಡೆಯಲ್ಲಿ ಸೀನಿದರೆ ಬೆಟ್ಟದ ಮೇಲಿನ ತೋಟದಲ್ಲಿ "ದೇವರು ಒಳ್ಳೇದು ಮಾಡ್ಲಿ" ಎನ್ನುತ್ತಿದ್ದರು. ಅವನ ದೋಷವೆಂದರೆ ಕಾಣಿಕೆಗೊಂದು ವಂಶಾವಳಿ ಹೇಳುವುದು.

ಪಂಚಾಯಿತಿ ಸೇರಿದ ದಿನ ದೊಡ್ಡ ನಾಯಕ ತಾಫುನಾ ಅದನ್ನೇ ಎತ್ತಿದ.

"ಅಧಿಕಾರಿಗಳು ಮಧ್ಯಾಹ್ನದ ಹಡಗಿಗೇ ವಾಪಸ್ ಹೋಗ್ಬೇಕಂತೆ. ಲೌಫಿಸೋ, ಪಾದ್ರಿಗಳ ಮನೆ ಹಬ್ಬದಲ್ಲಿ ನೀನು ಕೂಗಿ ಮುಗಿಸೋ ಹೊತ್ತಿಗೆ ಹಂದಿಗಳೆಲ್ಲ ತಣ್ಣಗಾಗಿ ಮರದ ಕೊರಡಾಗಿದ್ವು."

"ಹಾಗಾದ್ರೆ ವಂಶ ಹೇಳ್ದೆ ಬರೀ ಹಂದಿ ಕೂಗ್ಲಾ ನಾಯಕರೇ?" ಎಂದ ಲೌಫಿಸೋ. "ಹಂದಿಗೆ ಕಾಲಿದೆ, ತಾನೇ ಬರುತ್ತೆ. ಮನೆತನಕ್ಕೆ ನಾಲಿಗೆ ಬೇಕಲ್ಲ?"

ಆಗ ಕವಾ ಪಾನಕದ ಬಟ್ಟಲು ಹಿಡಿದು ಬಡಿಸಲು ನಿಂತಿದ್ದ ಫಾಲಾನಿಕೋ ಬಾಯಿಬಿಟ್ಟ. ಮನೆ ಅಳಿಯ ಪಂಚಾಯಿತಿಯಲ್ಲಿ ಮಾತಾಡಿದ್ದು ಅದೇ ಮೊದಲು. ಬಟ್ಟಲೇ ಮಾತಾಡಿದ್ದರೂ ಜನ ಅಷ್ಟು ಬೆಚ್ಚುತ್ತಿರಲಿಲ್ಲ.

"ನಾಯಕರೇ, ತಪ್ಪು ತಿಳೀಬೇಡಿ... ನನ್ನ ಕಂಪ್ಯೂಟರ್‌ನಲ್ಲಿ ಇದಕ್ಕೊಂದು ಉಪಾಯ ಇದೆ. ಒಂದು ಪಟ್ಟೀಲಿ ಮನೆತನಗಳ ಹೆಸರು. ಇನ್ನೊಂದು ಪಟ್ಟೀಲಿ ಕಾಣಿಕೆಗಳು. ಮೊದಲನೇ ಹೆಸರಿಗೆ ಮೊದಲನೇ ಕಾಣಿಕೆ, ಎರಡನೇದಕ್ಕೆ ಎರಡನೇದು, ಹೀಗೆ ಅದೇ ಜೋಡಿಸ್ಕೊಂಡು ಹೋಗುತ್ತೆ. 'ಕೇಳಿರಯ್ಯಾ ಕೇಳಿ, ಇಂಥ ಮನೆತನದಿಂದ ಇಂಥದ್ದು' ಅಂತ ಒಂದೇ ಅಚ್ಚಿನಲ್ಲಿ ಎರಡು ತೂತು ಬಿಟ್ಟಿರ್ತೀನಿ. ಹೆಸರು ಒಂದು ತೂತಿಗೆ, ಕಾಣಿಕೆ ಇನ್ನೊಂದು ತೂತಿಗೆ. ಒಂದೇ ಸಾಲಿನ ಪ್ರೋಗ್ರಾಂ. ಎಳೆದ್ರೆ ಸರ್ ಅಂತ ಸೇರ್ಕೊಳುತ್ತೆ, ಪ್ಯಾಂಟಿನ ಜಿಪ್ಪಿನ ಹಾಗೆ. ಅದರ ಹೆಸರೇ ಜಿಪ್ಪು."

ಪಂಚಾಯಿತಿಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲರೂ ಸೊಂಟಕ್ಕೆ ಲುಂಗಿ ಸುತ್ತಿಕೊಂಡು ಕೂತವರು. ಜಿಪ್ಪೆಂಬ ವಸ್ತು ಆ ಸಭೆಯಲ್ಲಿ ಒಬ್ಬರ ಮೈಮೇಲೂ ಇರಲಿಲ್ಲ. ಕೊನೆಗೆ ಪಾದ್ರಿಗಳ ಬೈಬಲ್ಲಿನ ಚೀಲದಲ್ಲಿ ಒಂದು ಸಿಕ್ಕಿತು. ಫಾಲಾನಿಕೋ ಅದನ್ನು ತೆರೆದು ಮುಚ್ಚಿ ತೋರಿಸಿದ. ನಾಯಕರು ಒಬ್ಬೊಬ್ಬರಾಗಿ ಎಳೆದು ನೋಡಿದರು. ಒಬ್ಬರಂತೂ ಬಿಡಲೊಲ್ಲರು.

"ಒಂದು ಕಡೆ ಹಲ್ಲು ಕಮ್ಮಿ ಬಿದ್ರೆ?" ಎಂದು ಕೇಳಿದಳು ಲೆಪೇಕಾ.

"ಎಲ್ಲಿ ಮುಗಿಯುತ್ತೋ ಅಲ್ಲೇ ನಿಂತ್ಬಿಡುತ್ತೆ ಅತ್ತೆ. ತಕರಾರೇ ಮಾಡಲ್ಲ, ಅಷ್ಟು ಸಾಧು" ಎಂದ ಅಳಿಯ, ಅದೊಂದು ಸದ್ಗುಣವೆಂಬಂತೆ.

ತೀರ್ಮಾನವಾಯಿತು. ಕಾಣಿಕೆಗಳನ್ನು ಬೆಳಿಗ್ಗೆಯೇ ಶಾಲೆಯ ಅಂಗಳದಲ್ಲಿ ಒಟ್ಟಿಗೆ ರಾಶಿ ಹಾಕುವುದು, ಫಾಲಾನಿಕೋ ಕೊಟ್ಟ ಕಾಗದವನ್ನು ಲೌಫಿಸೋ ಕೂಗುವುದು, ಅಧಿಕಾರಿಗಳನ್ನು ಹಡಗಿಗೆ ಮುಟ್ಟಿಸುವುದು.

"ಕಾಗದ ನೋಡ್ಕೊಂಡು ಕೂಗೋದಾ! ನಾನೇನು ರೇಡಿಯೋನಾ?" ಎಂದ ಲೌಫಿಸೋ. "ಆಗ್ಲಿ. ಏನು ಬರೆದಿರುತ್ತೋ ಅದನ್ನೇ ಕೂಗ್ತೀನಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ಆಮೇಲೆ ನನ್ನ ಕೇಳ್ಬೇಡಿ."

ಮನೆಗೆ ಬಂದ ಮೇಲೆ ಲೆಪೇಕಾ ಅಳಿಯನನ್ನು ಹಂದಿಯ ಕೊಟ್ಟಿಗೆಯ ಮುಂದೆ ನಿಲ್ಲಿಸಿದಳು. ಅಲ್ಲಿದ್ದದ್ದು ನಮ್ಮ ಊರೇ ಕಂಡಿರದಂಥ ಹಂದಿ. ಹಲಸಿನ ಜಾತಿಯ ಬ್ರೆಡ್‌ಫ್ರೂಟು, ತೆಂಗಿನ ತಿರುಳು, ಒಮ್ಮೊಮ್ಮೆ ಅಳಿಯನ ಪಾಲಿನ ಊಟ, ಇವನ್ನೆಲ್ಲ ತಿನ್ನಿಸಿ ಸಾಕಿದ್ದು. ಅದರ ಎಡಗಿವಿ ಅರ್ಧ ಇರಲಿಲ್ಲ. ಪಕ್ಕದ ಮನೆಯ ಸಿಯುಲೇಪಾಳ ನಾಯಿ ಕಚ್ಚಿಕೊಂಡು ಹೋಗಿತ್ತು. ಆ ಕಿವಿಯ ದೆಸೆಯಿಂದ ಎರಡು ಮನೆಯ ಹೆಂಗಸರು ಚರ್ಚಿನಲ್ಲಿ ಕೂಡ ಬೇರೆ ಬೇರೆ ರಾಗದಲ್ಲಿ ಹಾಡುತ್ತಿದ್ದರು.

"ನೋಡು," ಎಂದಳು ಲೆಪೇಕಾ. "ಈ ಹಂದಿ ಹೆಸರು ನನ್ನ ಮನೆತನದ ಹೆಸರಿನ ಜೊತೆ ಗಣಗಣ ಅಂತ ಕೂಗ್ಬೇಕು. ಕೂಗಿದ್ರೆ, ಅವತ್ತಿಂದ ನೀನೂ ನಮ್ಮ ಜೊತೇಲಿ ಕೂತು ಊಟ ಮಾಡು. ಏನಾದ್ರೂ ಎಡವಟ್ಟಾಯ್ತೋ, ನಿನ್ನ ಡಬ್ಬ ತಗೊಂಡು ನಿಮ್ಮಮ್ಮನ ಮನೆಗೆ ಹೋಗು. ಫಿಲೋಮೆನಾ ಬರಲ್ಲ."

"ನಾನು ಹೋಗ್ತೀನಪ್ಪ" ಎಂದು ಒಳಗಿನಿಂದ ಫಿಲೋಮೆನಾ ಸಣ್ಣಗೆ ಹೇಳಿದಳು.

"ನೀನು ಸುಮ್ನಿರು" ಎಂದಳು ತಾಯಿ.

ಮಾರನೆಯ ದಿನವೇ ಫಾಲಾನಿಕೋ ಪಟ್ಟಿ ಮಾಡಲು ಹೊರಟ. ರಸ್ತೆಯ ನಮ್ಮ ಬದಿಯಿಂದ ಇಳಿದು, ಆ ಬದಿಯಿಂದ ಹತ್ತಿ ಬರುವುದು ಅವನ ಕ್ರಮ. ಹಾಗಾಗಿ ಮೊದಲ ಮನೆ ನನ್ನದು, ಕೊನೆಯದು ಲೆಪೇಕಾಳದು. ನನ್ನ ಕಾಣಿಕೆ ಬಿಸ್ಕತ್ತಿನ ಡಬ್ಬ. ಅದನ್ನು ಅವನು ಎಷ್ಟು ಗಂಭೀರವಾಗಿ ಬರೆದುಕೊಂಡನೆಂದರೆ ನನಗೇ ಇನ್ನೊಂದು ಡಬ್ಬ ಕೊಡಬೇಕೆನ್ನಿಸಿತು. ತಡೆದುಕೊಂಡೆ.

ಎಡವಿದ್ದು ತಾಫುನಾನ ಮನೆಯಲ್ಲಿ.

"ನನ್ನ ಕಾಣಿಕೆ ಈಗ್ಲೇ ಹೇಳಿ, ಸಂಜೆಯೊಳಗೆ ಊರೆಲ್ಲ ತಿಳಿದು, ಯಾವನೋ ಅದರ ಎರಡರಷ್ಟು ತಂದಿಡ್ಲಿ ಅಂತಾನಾ?" ಎಂದ ದೊಡ್ಡ ನಾಯಕ. "ನನ್ನದು ನಡ್ಕೊಂಡು ಬರುತ್ತೆ. ಬಂದಾಗ ನೋಡಿ. ಬರೀಬೇಡ."

"ಹಾಗಾದ್ರೆ ಖಾಲಿ ಜಾಗ ಬಿಟ್ಟಿರ್ತೀನಿ ನಾಯಕರೇ" ಎಂದು ಫಾಲಾನಿಕೋ ಬಗ್ಗಿ ಹೊರಬಿದ್ದ.

ಅಂದು ಪ್ರೋಗ್ರಾಂ ಓಡಿಸಿ ನೋಡಿದಾಗ "ತಾಫುನಾ ಮನೆತನದಿಂದ" ಎಂದು ಬಂದು, ಮುಂದೆ ಏನೂ ಇಲ್ಲದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಮಾತ್ರ ನಿಂತಿತ್ತು. ದೊಡ್ಡ ನಾಯಕನ ಹೆಸರಿನ ಮುಂದೆ ಅಷ್ಟು ಬೋಳಾದ ಆಶ್ಚರ್ಯ ಇವನಿಗೆ ಸರಿಕಾಣಲಿಲ್ಲ. ಶುಚಿತ್ವ ಬೇರೆ ಇವನ ರೋಗ. ಕಾಣಿಕೆಯ ಪಟ್ಟಿಯಲ್ಲಿದ್ದ ಖಾಲಿ ಸಾಲನ್ನು ಒರೆಸಿ ಹಾಕಿದ. ಮತ್ತೆ ಓಡಿಸಿದ. ಪರದೆಯ ಮೇಲಿನ ಮೊದಲ ಸಾಲುಗಳನ್ನು ನೋಡಿದ, ನನ್ನ ಬಿಸ್ಕತ್ತು ನನ್ನ ಹೆಸರಿನ ಪಕ್ಕದಲ್ಲೇ ಇತ್ತು. ಎಲ್ಲ ಸೊಗಸಾಗಿದೆ ಎಂದುಕೊಂಡು, ಶಾಲೆಯ ಯಂತ್ರದಲ್ಲಿ ಅಚ್ಚು ಹಾಕಿಸಿ, ಲೌಫಿಸೋಗೆ ಕೊಟ್ಟು, ಎದೆಯುಬ್ಬಿಸಿಕೊಂಡು ಒಲೆ ಹೊತ್ತಿಸಲು ಹೋದ. ಕೊನೆಯ ಸಾಲನ್ನು ನೋಡುವ ಬುದ್ಧಿ ದೇವರು ಅವನಿಗೆ ಕೊಡಲಿಲ್ಲ. ತರಗತಿಯ ಉಳಿದರ್ಧದಲ್ಲಿ ಅದನ್ನು ಹೇಳಿಕೊಡುತ್ತಿದ್ದರೋ ಏನೋ.

ಪ್ರಾರಂಭೋತ್ಸವದ ದಿನ ನಾನೇ ಅಧಿಕಾರಿಗಳನ್ನು ಬಸ್ಸಿನಲ್ಲಿ ಕರೆತಂದೆ. ಅಂಗಳದಲ್ಲಿ ರಾಶಿ ಎದ್ದಿತ್ತು. ಇಡಿಯಾಗಿ ಬೇಯಿಸಿದ ಹಂದಿಗಳು ತೆಂಗಿನ ಗರಿಯ ಮೇಲೆ ಸಾಲಾಗಿ ಮಲಗಿದ್ದವು. ಅವುಗಳ ನಡುವೆ ಒಂದು ಮಾತ್ರ ಬೆಟ್ಟದ ಹಾಗೆ, ಅರ್ಧ ಕಿವಿಯೊಂದಿಗೆ. ಲೆಪೇಕಾ ಕಿವಿಗೆ ಕೆಂಪು ದಾಸವಾಳ ಸಿಕ್ಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಮುಖದಲ್ಲಿ ಅಷ್ಟು ಶಾಂತಿಯನ್ನು ನಾನು ಕಂಡಿರಲಿಲ್ಲ.

ಲೌಫಿಸೋ ಎದ್ದು ನಿಂತ. ಕೋಲನ್ನು ನೆಲಕ್ಕೆ ಕುಟ್ಟಿ, ಕಾಗದವನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, ಶುರು ಮಾಡಿದ.

ನನ್ನ ಬಿಸ್ಕತ್ತು ಸರಿಯಾಗಿ ಬಂತು. ಆಮೇಲಿನ ಮನೆಗಳೂ ಸರಿಯಾಗಿ ಬಂದವು. ಪ್ರತಿಯೊಂದಕ್ಕೂ ಜನ "ಮಾಲೋ! ಮಾಲೋ!" ಎಂದು ಭೇಷ್ ಹೇಳಿದರು. ಅಧಿಕಾರಿಗಳು ಗಡಿಯಾರ ನೋಡಿಕೊಂಡು ತಲೆಯಾಡಿಸಿದರು. ಫಾಲಾನಿಕೋ ಬೀಸಣಿಗೆ ಹಿಡಿದು ಹಿಂದೆ ನಿಂತು, ಪ್ರತಿ ಕೂಗಿಗೂ ತುಟಿಯಾಡಿಸುತ್ತಿದ್ದ.

"ಕೇಳಿರಯ್ಯಾ ಕೇಳಿ! ತಾಫುನಾ ಮನೆತನದಿಂದ... ಒಂದು ಬುಟ್ಟಿ ಕೆಸುವಿನ ಗೆಡ್ಡೆ! ಒಂದು ಆಕ್ಟೋಪಸ್! ಚಿಕ್ಕದು!"

"ಚಿಕ್ಕದು" ಎಂಬ ಮಾತು ಬೆಟ್ಟಕ್ಕೆ ಹೋಗಿ ತಿರುಗಿ ಬಂತು.

ಆ ಆಕ್ಟೋಪಸ್ಸು ಮೀನುಗಾರ ಪೆನಿಯದು. ಪಾಪ, ಪ್ರಾಮಾಣಿಕ ಮುದುಕ, ಬರೆಸುವಾಗ "ಚಿಕ್ಕದು ಕಣಪ್ಪ" ಎಂದಿದ್ದ. ಫಾಲಾನಿಕೋ ಅದನ್ನೂ ಸೇರಿಸಿಯೇ ಬರೆದುಕೊಂಡಿದ್ದ. ತಾಫುನಾನ ಮುಖ ಮೊದಲು ಕಪ್ಪಾಯಿತು, ಆಮೇಲೆ ಕೆಂಪಾಯಿತು. ಬಾಯಿ ತೆರೆದ, ಮುಚ್ಚಿದ. ಕೂಗಿದ್ದು ಕೂಗಿದ್ದೇ. ಪಕ್ಕದಲ್ಲಿ ಕೂತ ತಮ್ಮನ ಕಿವಿಯಲ್ಲಿ ಏನೋ ಹೇಳಿದ. ತಮ್ಮ ಎದ್ದು ಓಡಿದ.

"ಕೇಳಿರಯ್ಯಾ ಕೇಳಿ! ಪೆನಿ ಮನೆತನದಿಂದ... ಒಂದು ಪೆಟ್ಟಿಗೆ ಡಬ್ಬಿ ಮೀನು!"

ಪೆನಿ ಕೂತಲ್ಲಿಂದ ಚಂಗನೆ ಎದ್ದ. ತನ್ನ ಆಕ್ಟೋಪಸ್ಸು ನಾಯಕನ ಪಾಲಾದದ್ದಕ್ಕೆ ಅವನಿಗೆ ದುಃಖವಿರಲಿಲ್ಲ.

"ಡಬ್ಬಿ ಮೀನಾ?" ಎಂದ, ನನ್ನನ್ನೇ ನೋಡಿ. "ನನ್ನ ಮನೆಯಿಂದ ಡಬ್ಬಿ ಮೀನಾ? ನಮ್ಮಪ್ಪ ಕಡಲಲ್ಲೇ ಹುಟ್ಟಿದ, ನಮ್ಮಜ್ಜ ಕಡಲಲ್ಲೇ ಸತ್ತ. ನಾನು ಡಬ್ಬಿ ಮೀನು ತಂದೆ ಅಂತ ಊರು ಕೇಳ್ಬೇಕಾ?" ಎಂದವನೇ ದಡದ ಕಡೆಗೆ ದಡದಡನೆ ನಡೆದ.

ಲೌಫಿಸೋಗೆ ಈಗ ಎಲ್ಲ ಅರ್ಥವಾಗಿತ್ತೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಅವನ ಕಣ್ಣುಗಳು ಮಿನುಗುತ್ತಿದ್ದವು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ಕೋಲು ಕುಟ್ಟಿದ.

"ಕೇಳಿರಯ್ಯಾ ಕೇಳಿ! ಕೆರಿಸಿಯಾನೋ ಮನೆತನದಿಂದ... ನಯದ ಚಾಪೆ, ಒಂದು!"

ಕೆರಿಸಿಯಾನೋ ನಮ್ಮ ಊರಿನ ಅಂಗಡಿಯವನು. ಒಂಟಿ ಮನುಷ್ಯ, ಜಿಪುಣ. ಬೆಂಕಿಕಡ್ಡಿಯನ್ನು ಎರಡು ಸಲ ಗೀರುವ ಜಾತಿ. ಅವನು ತಂದಿದ್ದದ್ದು ಆ ಡಬ್ಬಿ ಮೀನು, ಅದೂ ತಾರೀಕು ಮುಗಿಯುತ್ತ ಬಂದದ್ದು. ನಯದ ಚಾಪೆಯೆಂದರೆ ರೇಷ್ಮೆಯಂತೆ ಮೆತ್ತಗೆ, ಹೆಂಗಸರು ತಿಂಗಳುಗಟ್ಟಲೆ ಕೂತು ಹೆಣೆಯುವ ವಸ್ತು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಾಣಿಕೆ ಇಲ್ಲ. ಹೆಸರು ಕೂಗಿದ ಕೂಡಲೇ ಮನೆಯ ಹೆಂಗಸರು ಎದ್ದು ಅದನ್ನು ಬಿಚ್ಚಿ ಹಿಡಿದು ತೋರಿಸಬೇಕು. ಇವನ ಮನೆಯಲ್ಲಿ ಹೆಂಗಸರಿಲ್ಲ. ರಾಶಿಯ ಹತ್ತಿರ ನಿಂತ ಹುಡುಗರು ಚಾಪೆಯನ್ನು ಅವನ ಕೈಗೇ ತುರುಕಿದರು. ಅವನು ಎದ್ದು ನಿಂತು, ಬಿಚ್ಚಿ, ಗಲ್ಲದವರೆಗೆ ಎತ್ತಿ ಹಿಡಿದ. ಊರೆಲ್ಲ "ಮಾಲೋ ಕೆರಿಸಿಯಾನೋ! ಮಾಲೋ!" ಎಂದು ಅಬ್ಬರಿಸಿತು. ಅವನ ಜನ್ಮದಲ್ಲಿ ಅವನಿಗೆ ಯಾರೂ ಭೇಷ್ ಎಂದಿರಲಿಲ್ಲ. ಚಾಪೆಯ ಮೇಲಿನಿಂದ ಕಂಡ ಅವನ ಕಣ್ಣಲ್ಲಿ ನೀರು ನಿಂತಿತು. ಸೊಂಟದಿಂದ ಅಂಗಡಿಯ ಬೀಗದ ಕೈ ತೆಗೆದು ಹುಡುಗರತ್ತ ಎಸೆದ.

"ಹೋಗ್ರೋ, ಎಲ್ಲ ಪೆಟ್ಟಿಗೆ ತಗೊಂಡ್ಬನ್ನಿ. ಹೊಸದನ್ನೇ ತನ್ನಿ!"

ಚಾಪೆ ಹೆಣೆದವಳು ಸಿಯುಲೇಪಾ. ತನ್ನ ಬೆರಳುಗಳ ಚರ್ಮ ಸುಲಿದ ಚಾಪೆ ಆ ಕೃಪಣನ ಗಲ್ಲದ ಕೆಳಗೆ ತೂಗಾಡುವುದನ್ನು ನೋಡಿ ಅವಳು ಕಿರುಚಲು ಉಸಿರೆಳೆದುಕೊಂಡಳು. ಅಷ್ಟರಲ್ಲಿ:

"ಕೇಳಿರಯ್ಯಾ ಕೇಳಿ! ಸಿಯುಲೇಪಾ ಮನೆತನದಿಂದ... ಒಂದು ಮಹಾ ಹಂದಿ!"

ಎಳೆದುಕೊಂಡ ಉಸಿರು ಅವಳಿಗೆ ಹೊರಬರಲಿಲ್ಲ. ಹುಡುಗರು ಆ ಅರ್ಧ ಕಿವಿಯ ಬೆಟ್ಟವನ್ನು ಎತ್ತಿ ತಂದು ಅವಳ ಮುಂದೆ ಇಳಿಸಿದರು. ಊರು "ಮಾಲೋ" ಎನ್ನಲು ಬಾಯಿ ತೆರೆದು, ಕಿವಿಯನ್ನು ನೋಡಿ, ಲೆಪೇಕಾಳನ್ನು ನೋಡಿ, ಬಾಯಿ ಮುಚ್ಚಿತು.

ಲೌಫಿಸೋ ಕಾಗದವನ್ನು ತಿರುಗಿಸಿ ನೋಡಿದ. ಹಿಂದೆ ಏನೂ ಇರಲಿಲ್ಲ.

"ಮುಗೀತು" ಎಂದ.

ಲೆಪೇಕಾಳ ಮನೆತನದ ಹೆಸರೇ ಇಲ್ಲ. ಅವಳು ಕೂಗಲಿಲ್ಲ, ಅದೇ ಭಯಂಕರವಾಗಿತ್ತು. ಕಿವಿಯ ದಾಸವಾಳವನ್ನು ಮೆಲ್ಲಗೆ ತೆಗೆದು ಚಾಪೆಯ ಮೇಲಿಟ್ಟಳು. ಇಷ್ಟು ವರ್ಷ ಎದುರು ಮನೆಯಲ್ಲಿದ್ದೂ ಆ ಹೆಂಗಸನ್ನು ಕಂಡು ನನಗೆ ಕರುಳು ಚುರುಕ್ಕೆಂದದ್ದು ಅವತ್ತೇ. ಫಾಲಾನಿಕೋನ ಕೈಯಿಂದ ಬೀಸಣಿಗೆ ಬಿತ್ತು. ಫಿಲೋಮೆನಾ ಅವನ ಪಕ್ಕಕ್ಕೆ ಬಂದು ನಿಂತಳು.

"ಇನ್ನು ಊಟ ತಾನೇ?" ಎಂದರು ಅಧಿಕಾರಿಗಳು.

ಆಗ ಎದ್ದವಳು ಸಿಯುಲೇಪಾ.

"ಊಟ ಆಮೇಲೆ" ಎಂದಳು. "ಕೂಗಿದ್ದನ್ನ ತಿದ್ದಬಾರ್ದು, ನನಗೂ ಗೊತ್ತು. ನಾನು ತಿದ್ತಿಲ್ಲ. ನಾನು ದೂರು ಹೇಳ್ತಿದೀನಿ. ಈ ಹಂದಿ ನನ್ನ ಬೇಲಿ ಮುರೀತು. ನನ್ನ ಕೆಸುವಿನ ಪಾತಿ ಬುಡಸಮೇತ ಎಬ್ಬಿಸ್ತು. ನನ್ನ ನಾಯಿ ಅದರ ಕಿವಿ ಕಚ್ತು, ಆ ಕಚ್ಚಿದ ನಾಯಿನ ಈ ಹಂದಿ ಬಾವಿವರೆಗೂ ಅಟ್ಟಿಸ್ಕೊಂಡು ಹೋಯ್ತು. ಇಂಥ ರಾಕ್ಷಸನ್ನ ಸಾಕೋ ಕೈ ಈ ದ್ವೀಪದಲ್ಲಿ ಒಂದೇ ಇರೋದು. ಅದು ಆ ಲೆಪೇಕಾಳದು. ಅವಳ ಹಂದಿ ನನ್ನ ಹೆಸರಲ್ಲಿ ಹೋಗೋದಾ? ನನಗೇನು ಹಂದಿ ಸಾಕೋಕೆ ಬರಲ್ವಾ? ಬರಲ್ಲ! ಇಂಥದ್ದು ಬರಲ್ಲ! ಯಾರಿಗೂ ಬರಲ್ಲ!"

ಇಷ್ಟು ಹೇಳಿ ಧಡಕ್ಕನೆ ಕೂತಳು. ಕ್ಷಣಕಾಲ ಯಾರಿಗೂ ಇದು ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. ಆಮೇಲೆ ಎದ್ದ "ಮಾಲೋ"ಗೆ ಹೊಸ ಕಟ್ಟಡದ ತಗಡು ಅದುರಿತು. ಲೆಪೇಕಾ ದಾಸವಾಳವನ್ನು ಎತ್ತಿ ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು. "ಬೇಲಿ ಕಟ್ಟೋಕೆ ಬಂದಿದ್ರೆ ಮುರೀತಿರಲಿಲ್ಲ" ಎಂದಳು, ಮೂಗು ಒರೆಸಿಕೊಳ್ಳುತ್ತ.

ಅಷ್ಟರಲ್ಲಿ ತಾಫುನಾನ ತಮ್ಮ ಬಂದ. ಅವನ ಹಿಂದೆ ಹೂಮಾಲೆ ಹಾಕಿಕೊಂಡು ಒಂದು ಹೋರಿ ನಡೆದು ಬಂತು, ಇದು ನಾಯಕನ ಗುಟ್ಟಿನ ಕಾಣಿಕೆ. ಅದರ ಹಿಂದೆ ಮಾಲೆಯಿಲ್ಲದ ಇನ್ನೊಂದು ಹೋರಿ, ಇದು ಆಕ್ಟೋಪಸ್ಸಿನ ಅವಮಾನಕ್ಕೆ. ದಡದಿಂದ ಪೆನಿ ತನ್ನಷ್ಟೇ ಉದ್ದದ ಟ್ಯೂನಾ ಮೀನನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದು ಅಧಿಕಾರಿಗಳ ಕಾಲ ಬಳಿ ಧೊಪ್ಪನೆ ಹಾಕಿ, "ಇದಕ್ಕೆ ಡಬ್ಬಿ ಹುಡುಕಿ" ಎಂದ. ಅಂಗಡಿಯಿಂದ ಪೆಟ್ಟಿಗೆಗಳ ಮೆರವಣಿಗೆಯೇ ಹೊರಟಿತ್ತು. ಇದನ್ನೆಲ್ಲ ನೋಡಿ, ಸರಿಯಾಗಿ ಕೂಗಿಸಿಕೊಂಡವರಿಗೂ ಸುಮ್ಮನೆ ಕೂರಲಾಗಲಿಲ್ಲ. ನಾನು ಕೂಡ ಬಿಸ್ಕತ್ತಿನ ಎರಡನೆಯ ಡಬ್ಬ ತಂದೆ. ಬೆಳಗಿನ ರಾಶಿ ಎರಡರಷ್ಟಾಯಿತು. ಹಡಗು ಬಂದರಿನಲ್ಲಿ ಕೂಗಿದ್ದು ಕೇಳಿಸಿತು. ಅಧಿಕಾರಿಗಳು ಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ಸಾಲೇಮಾದಲ್ಲಿ ಇದರ ಕಾಲುಭಾಗವೂ ಇರಲಿಲ್ಲ" ಎಂದರು ಅವರು. "ನಿಮ್ಮಲ್ಲಿ ಯಾವಾಗ್ಲೂ ಹೀಗೇನಾ?"

"ನಮ್ಮಲ್ಲಿ ಹೀಗೇ" ಎಂದ ತಾಫುನಾ, ಕಣ್ಣು ಮಿಟುಕಿಸದೆ.

ಆದರೆ ಲೌಫಿಸೋ ಬಿಡುವ ಪೈಕಿಯಲ್ಲ. ಕೋಲನ್ನು ಫಾಲಾನಿಕೋನ ಕಡೆಗೆ ಚಾಚಿದ. "ನನ್ನ ಬಾಯಿಂದ ಇವತ್ತು ಇಷ್ಟು ಅಪದ್ಧ ಬಂತಲ್ಲ, ಹೇಗೆ ಬಂತು? ಇಲ್ಲೇ ಹೇಳು, ಎಲ್ಲರ ಮುಂದೆ."

ಎಲ್ಲರ ಕಣ್ಣೂ ಮನೆ ಅಳಿಯನ ಮೇಲೆ ಬಿತ್ತು. ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ದೊಡ್ಡ ನಾಯಕರು ಬರೆಸಲಿಲ್ಲ, ಸಾಲು ಖಾಲಿ ಬಿತ್ತು, ಒರೆಸಿದೆ, ಆಮೇಲಿನದೆಲ್ಲ ಒಂದು ಹಲ್ಲು ಮೇಲಕ್ಕೆ ಜರುಗಿತು. ಅಷ್ಟು ಹೇಳಿದ್ದರೆ ಅವನು ಪಾರಾಗುತ್ತಿದ್ದ. ರಾಜಧಾನಿಯ ಅತಿಥಿಯ ಮುಂದೆ ಊರಿನ ದೊಡ್ಡ ನಾಯಕ ಗುಟ್ಟು ಮಾಡಿ ಕೆಟ್ಟ ಎಂದಾಗುತ್ತಿತ್ತು. ಫಾಲಾನಿಕೋ ತಾಫುನಾನನ್ನು ನೋಡಿದ. ತಾಫುನಾ ತನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದ.

"ನನ್ನದೇ ತಪ್ಪು," ಎಂದ ಫಾಲಾನಿಕೋ. "ಹಲ್ಲು ಎಣಿಸ್ದೆ ಜಿಪ್ಪು ಎಳೆದ್ಬಿಟ್ಟೆ. ಅತ್ತೆ ಹೆಸರು ಬಿಟ್ಟುಹೋಗ್ಬಾರ್ದಿತ್ತು. ಬಿಟ್ಟುಹೋಯ್ತು."

ತಾಫುನಾ ತಲೆಯೆತ್ತಿ ಅವನನ್ನೇ ನೋಡಿದ. "ಊರ ಕೂಗು ಕೆಡಿಸಿದವನಿಗೆ ದಂಡ ಇದ್ದೇ ಇದೆ. ಒಂದು ಹಂದಿ. ಈಗಲೇ ತಂದಿಡಬೇಕು."

ಮನೆ ಅಳಿಯನಿಗೆ ಎಲ್ಲಿಯ ಹಂದಿ? ಅವನ ಹೆಸರಿನಲ್ಲಿ ಒಂದು ಕೋಳಿಯೂ ಇರಲಿಲ್ಲ.

"ನಮ್ಮನೆ ತಪ್ಪಿಗೆ ನಮ್ಮನೆ ಹಂದಿ" ಎಂದಳು ಲೆಪೇಕಾ, ಅವನತ್ತ ನೋಡದೆಯೇ. "ಫಿಲೋಮೆನಾ, ಕೊಟ್ಟಿಗೇಲಿರೋ ಬಿಳಿಯದನ್ನ ಹೊಡ್ಕೊಂಡ್ಬಾ."

"ಅದು ಹೇಗಾಗುತ್ತೆ?" ಎಂದು ಸಿಯುಲೇಪಾ ಮತ್ತೆ ಎದ್ದಳು. "ನನ್ನ ಮನೆಯಿಂದ ಹಂದಿ ಅಂತ ಕೂಗಿ ಆಯ್ತು. ಕೂಗಿದ್ದು ಕೂಗಿದ್ದೇ. ನನ್ನದು ಇನ್ನೂ ಹೋಗೇ ಇಲ್ಲ. ಅವನ ದಂಡಕ್ಕೆ ನನ್ನ ಹಂದಿ ಹೋಗ್ಲಿ."

"ನನ್ನ ಅಳಿಯನಿಗೆ ನಿನ್ನ ಹಂದಿ ಯಾಕೆ?"

"ನಿನ್ನ ಹಂದಿ ನನ್ನ ಮುಂದೆ ಯಾಕೆ ಮಲಗಿತ್ತು?"

"ಇಬ್ಬರೂ ಸುಮ್ನಿರಿ" ಎಂದ ತಾಫುನಾ. "ನನ್ನ ಹೆಸರಿನ ಪಕ್ಕದಲ್ಲಿ ಇನ್ನೂ ಆ ಆಕ್ಟೋಪಸ್ ಕೂತಿದೆ. ಅದೂ ಚಿಕ್ಕದು. ನನ್ನ ಮನೆ ಹಿಂದೆ ಕಟ್ಟಿದೆಯಲ್ಲ ಕರೀ ಹಂದಿ, ಅದು ಬರಲಿ." ಮತ್ತೆ ದನಿ ತಗ್ಗಿಸಿ, ಫಾಲಾನಿಕೋಗೂ ಪಕ್ಕದಲ್ಲೇ ನಿಂತಿದ್ದ ನನಗೂ ಮಾತ್ರ ಕೇಳುವಂತೆ, "ಆ ಖಾಲಿ ಜಾಗ ನಂದೇ ಅಲ್ವೇನಪ್ಪ" ಎಂದ.

ಮೂವರಲ್ಲಿ ಒಬ್ಬರೂ ಹಿಂದೆ ಸರಿಯಲಿಲ್ಲ. ಮೂರು ಹಂದಿಗಳೂ ಕಿರುಚುತ್ತ ಅಂಗಳಕ್ಕೆ ಬಂದವು.

ಲೌಫಿಸೋ ಕಾಗದವನ್ನು ಉಂಡೆ ಮಾಡಿ ಅಂಗಳದಂಚಿನ ಒಲೆಗೆ ಎಸೆದ. ಕೋಲನ್ನು ಕುಟ್ಟಿದ. ಇಡೀ ಬೆಳಿಗ್ಗೆ ಕಟ್ಟಿಹಾಕಿದ್ದ ಗಂಟಲನ್ನು ಈಗ ಬಿಚ್ಚಿದ. ಲೆಪೇಕಾಳ ಮುತ್ತಜ್ಜ ಯಾವ ದೋಣಿಯಲ್ಲಿ ಬಂದ, ಯಾರ ಮಗಳನ್ನು ತಂದ, ಯಾವ ಕಲ್ಲಿನ ಮೇಲೆ ಮೊದಲ ಕಂಬ ನೆಟ್ಟ, ಒಂದನ್ನೂ ಬಿಡಲಿಲ್ಲ. ಆ ಅರ್ಧ ಕಿವಿಯ ಹಂದಿಯನ್ನು ಆ ಮನೆತನದ ಹೆಸರಿನ ಪಕ್ಕದಲ್ಲಿ ಗಣಗಣ ಎನ್ನುವಂತೆ ಕೂಗಿದ. ಆಮೇಲೆ ಉಸಿರು ತೆಗೆದುಕೊಂಡು, ಬೆಟ್ಟಕ್ಕೂ ಕಡಲಿಗೂ ಕೇಳುವಂತೆ:

"ಕೇಳಿರಯ್ಯಾ ಕೇಳಿ! ಲೆಪೇಕಾ ಮನೆತನದ ಫಾಲಾನಿಕೋನಿಂದ... ಮೂರು ಹಂದಿ!"

ಆ ದಿನ ಒಂದೇ ಹೆಸರಿನಲ್ಲಿ ಮೂರು ಹಂದಿ ಯಾರೂ ಕೊಟ್ಟಿರಲಿಲ್ಲ. ಎರಡು ಪಟ್ಟಿಯಲ್ಲಿ ಒಂದರಲ್ಲೂ ಇಲ್ಲದ ಹೆಸರು ಅದು. ಊರು ಎದ್ದು ನಿಂತು "ಮಾಲೋ ಫಾಲಾನಿಕೋ!" ಎಂದಿತು. ಫಿಲೋಮೆನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೇ ಮಾಡಿದಳು.

"ಲೌಫಿಸೋ ಅಣ್ಣ, ದಂಡ ಒಂದೇ ಅಲ್ವಾ, ಅದೂ ನನ್ನದಲ್ಲ" ಎಂದು ಫಾಲಾನಿಕೋ ಬೆವರು ಒರೆಸುತ್ತ ತಿದ್ದಲು ಹೋದ.

"ಕೂಗಿದ್ದು ಕೂಗಿದ್ದೇ" ಎಂದ ಲೌಫಿಸೋ.

ಊಟಕ್ಕೆ ಎಲೆ ಹಾಕಿದರು. ಅಧಿಕಾರಿಗಳ ಒಂದು ಪಕ್ಕದಲ್ಲಿ ತಾಫುನಾ, ಇನ್ನೊಂದು ಪಕ್ಕದಲ್ಲಿ ಲೆಪೇಕಾ, ಅವಳಾಚೆಗೆ ಸಿಯುಲೇಪಾ. ಇಬ್ಬರ ನಡುವೆ ಒಂದು ಎಲೆ ಖಾಲಿಯಿತ್ತು. ಫಾಲಾನಿಕೋ ನೆಲದಿಂದ ಬೀಸಣಿಗೆ ಎತ್ತಿಕೊಂಡು, ಅಭ್ಯಾಸದಂತೆ ನೊಣ ಓಡಿಸಲು ಅವರ ಹಿಂದೆ ಬಂದು ನಿಂತ.

"ಫಾಲಾನಿಕೋ," ಎಂದಳು ಲೆಪೇಕಾ, ಖಾಲಿ ಎಲೆಯನ್ನು ತಟ್ಟಿ. "ಬಾ, ಇಲ್ಲಿ ಕೂತ್ಕೋ."

ಅವಳು ಯಾರನ್ನು ಕರೆದಳೆಂದು ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಇದ್ದವನು ನಾನೊಬ್ಬನೇ, ನನ್ನ ಹೆಸರು ಫಾಲಾನಿಕೋ ಅಲ್ಲ.